ಕೆಂಪು ಕಿಂಡಿಯಲ್ಲಿ ಹನ್ನೆರಡು ಅಂಕಿ

ಮಿರ್ಲೆಯ ನಮ್ಮ ಮನೆಯ ಅಟ್ಟ ಗುಡಿಸುವಾಗ, ಹಳೆಯ ಪಂಚಾಂಗಗಳ ಕಟ್ಟು, ತೂತುಬಿದ್ದ ಕೊಳಗಗಳ ನಡುವೆ ಚಿಕ್ಕಪ್ಪನ ಕ್ಯಾಮೆರಾ ಸಿಕ್ಕಿತು. ಆಗ್ಫಾ ಕ್ಲಿಕ್ 3. ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಕಂಪನಿ ತಯಾರಿಸಿದ್ದು. ಒಂದು ಕಾಲಕ್ಕೆ ಮೇಷ್ಟರ ಮನೆಯಲ್ಲೋ ಕೊಂಚ ಅನುಕೂಲಸ್ಥ ರೈತರ ಮನೆಯಲ್ಲೋ ಕ್ಯಾಮೆರಾ ಅಂತ ಇದ್ದರೆ ಹೆಚ್ಚಾಗಿ ಇಂಥದ್ದೇ ಇರುತ್ತಿತ್ತು. ಇದಕ್ಕೆ ಸೆಲ್ಲು ಬೇಡ, ಮೀಟರ್ ಇಲ್ಲ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಬೆನ್ನಿನಲ್ಲಿ ಬೆರಳ ತುದಿಯಷ್ಟು ಒಂದು ಕೆಂಪು ಕಿಂಡಿ. ರೀಲು ಹಾಕಿ ಕಿವಿ ತಿರುಗಿಸುತ್ತ ಹೋದರೆ ಆ ಕಿಂಡಿಯೊಳಗೆ 1 ಎಂಬ ಅಂಕಿ ಮೆಲ್ಲಗೆ ತೇಲಿ ಬರುತ್ತದೆ. ಅಲ್ಲಿ ನಿಲ್ಲಿಸಬೇಕು. ಒಂದು ಚಿತ್ರ ತೆಗೆದ ಮೇಲೆ 2 ಬರುವವರೆಗೆ ತಿರುಗಿಸಬೇಕು. ಮರೆತರೆ ಒಂದರ ಮೇಲೊಂದು ಚಿತ್ರ ಬಿದ್ದು ಎರಡೂ ಹಾಳು. 12 ಆಯಿತೆಂದರೆ ರೀಲು ಮುಗಿಯಿತು.

ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ. ಹೊರಡುವ ಹಿಂದಿನ ರಾತ್ರಿಯೇ ನಮ್ಮ ಮನೆಯಲ್ಲಿ ಹನ್ನೆರಡು ಚಿತ್ರಗಳನ್ನೂ ಹಂಚಿ ಆಗಿರುತ್ತಿತ್ತು. ಜೋಡೆತ್ತಿಗೆ ಎರಡು, ತೇರಿಗೆ ಒಂದು, ಧುಮುಕುವ ಕಾವೇರಿಗೆ ಒಂದು, ಅಜ್ಜಿಗೆ ಒಂದು, ಗಂಡು ನೋಡುತ್ತಿದ್ದ ಅತ್ತೆಗೆ ಎರಡು, ಹೀಗೆ. ಚಿಕ್ಕಪ್ಪ ಜಾತ್ರೆಯ ತುಂಬ ಕ್ಯಾಮೆರಾ ನೇತುಹಾಕಿಕೊಂಡು ಓಡಾಡಿದರೂ ಗುಂಡಿ ಒತ್ತುತ್ತಿದ್ದುದು ಅಪರೂಪಕ್ಕೆ. ಬಿಸಿಲು ಎತ್ತಿನ ಭುಜಕ್ಕೆ ಬರಲಿ ಎಂದು ಕಾಯುತ್ತಿದ್ದರು. ಎತ್ತು ತಲೆ ಎತ್ತಲಿ ಎಂದು ಕಾಯುತ್ತಿದ್ದರು. ಈಗ ನನ್ನ ಮೊಬೈಲಿನಲ್ಲಿ ಒಂದೇ ಎತ್ತಿನ ನಲವತ್ತು ಚಿತ್ರಗಳಿವೆ. ಆ ಎತ್ತನ್ನು ಚಿಕ್ಕಪ್ಪ ನೋಡಿದಷ್ಟು ಹೊತ್ತು ನಾನು ನೋಡಿಲ್ಲ.

ಫಿಲಂ ಎಂದರೆ ಹಳೆಯ ಕಾಲದ ಹಂಬಲ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಫಿಲಂ ಚಿತ್ರಕ್ಕೆ ಒಂದು ಮೈ ಇದೆ. ಅದು ಕೈಯಿಂದ ಕೈಗೆ, ನೀರಿನಿಂದ ನೀರಿಗೆ ದಾಟಿ ಆಗುವ ವಸ್ತು. ನೇಯ್ಗೆಯಂತೆ, ಮಡಕೆಯಂತೆ ಅದೊಂದು ಕಸುಬು. ಆ ಕಸುಬು ನನಗೆ ಅಂಟಿಕೊಂಡದ್ದು ಕೆ.ಆರ್. ನಗರದ ಒಂದು ಸ್ಟುಡಿಯೋದ ಹಿಂಬದಿಯ ಕೋಣೆಯಲ್ಲಿ, ಹೈಸ್ಕೂಲಿನ ಬೇಸಿಗೆ ರಜೆಯಲ್ಲಿ.

ಆ ಕೋಣೆಗೆ ಕಿಟಕಿ ಇತ್ತು, ಕಪ್ಪು ರಟ್ಟು ಬಡಿದು ಮುಚ್ಚಿದ್ದರು. ಫಿಲಂ ತೊಳೆಯುವಾಗ ದೀಪವೇ ಇಲ್ಲ, ಪೂರ್ತಿ ಕತ್ತಲು. ಬೆರಳುಗಳೇ ಕಣ್ಣು. ಫಿಲಂ ಮೇಲಿನ ಜೆಲಟಿನ್ ಪದರದಲ್ಲಿ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ಬೆಳಕು ತಾಗಿದ ಹರಳಿನಲ್ಲಿ ಕಣ್ಣಿಗೆ ಕಾಣದ ಒಂದು ಬದಲಾವಣೆ ಆಗಿರುತ್ತದೆ. ಡೆವಲಪರ್ ಎಂಬ ದ್ರಾವಣ ಆ ಹರಳುಗಳನ್ನು ಮಾತ್ರ ಹುಡುಕಿ ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಉಳಿದದ್ದನ್ನು ಹೈಪೋ ಎಂಬ ಇನ್ನೊಂದು ದ್ರಾವಣ ಕರಗಿಸಿ ತೆಗೆಯುತ್ತದೆ. ಬೆಳ್ಳಿಯ ಲವಣವನ್ನು ಹೈಪೋ ಕರಗಿಸುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ, ಛಾಯಾಗ್ರಹಣ ಹುಟ್ಟುವುದಕ್ಕೂ ಮೊದಲೇ. ಫೋಟೋ ಆಲ್ಬಮ್ಮಿನ ಕರಿ ಬಣ್ಣವೆಲ್ಲ ನಿಜವಾದ ಬೆಳ್ಳಿ ಎಂದು ತಿಳಿದ ದಿನ ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅವರು ಎದ್ದು ಹೋಗಿ ಗೋಡೆಯ ಮೇಲಿನ ತಾತನ ಫೋಟೋವನ್ನು ಸೆರಗಿನಿಂದ ಒರೆಸಿದರು.

ಪ್ರಿಂಟ್ ಹಾಕುವಾಗ ಮಾತ್ರ ಕೆಂಪು ದೀಪ ಇರಬಹುದು, ಕಪ್ಪು-ಬಿಳುಪಿನ ಕಾಗದಕ್ಕೆ ಕೆಂಪು ಬೆಳಕು ಕಾಣುವುದಿಲ್ಲ. ಎನ್‌ಲಾರ್ಜರಿನಲ್ಲಿ ತೊಳೆದ ಫಿಲಂ ಅಂದರೆ ನೆಗೆಟಿವ್ ಇಟ್ಟು, ಕೆಳಗಿನ ಕಾಗದದ ಮೇಲೆ ಇಷ್ಟು ಸೆಕೆಂಡ್ ಬೆಳಕು ಬಿಡಬೇಕು. ಸ್ಟುಡಿಯೋದ ಯಜಮಾನರು ಗಡಿಯಾರ ನೋಡುತ್ತಿರಲಿಲ್ಲ, ಬಾಯಲ್ಲೇ ಎಣಿಸುತ್ತಿದ್ದರು. ಮುಖ ಕಪ್ಪಾಗುವ ಹಾಗಿದ್ದರೆ ನಡುವೆ ಅಂಗೈ ಅಡ್ಡ ಹಿಡಿದು ಬೆಳಕು ತಡೆಯುವರು, ಆ ಕೈಯನ್ನು ಸಣ್ಣಗೆ ಅಲುಗಿಸುತ್ತಲೇ ಇರುವರು. ಅಲುಗಿಸದಿದ್ದರೆ ಕೈಯ ಗುರುತು ಚಿತ್ರದಲ್ಲಿ ಮೂಡುತ್ತದೆ. ಆಮೇಲೆ ಕಾಗದ ಡೆವಲಪರ್ ಇರುವ ಟ್ರೇಗೆ. ಹತ್ತು ಹದಿನೈದು ಸೆಕೆಂಡ್ ಏನೂ ಇಲ್ಲ, ಬರೀ ಬಿಳಿ ಹಾಳೆ. ಮೊದಲು ಕೂದಲು ಬರುತ್ತದೆ. ಆಮೇಲೆ ಕಣ್ಣು, ಮೀಸೆ, ಕೋಟಿನ ಗುಂಡಿ. ನೀರಿನ ತಳದಿಂದ ಯಾರೋ ಎದ್ದು ಬಂದಂತೆ ಮುಖ ತುಂಬಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಹಳತಾಗಲಿಲ್ಲ.

ಬೇಸಿಗೆಯಲ್ಲಿ ಆ ಕೋಣೆಗೆ ಎರಡು ಶತ್ರುಗಳು. ಒಂದು ಶಾಖ. ಡೆವಲಪರ್ 20 ಡಿಗ್ರಿಯ ಹತ್ತಿರ ಇರಬೇಕು, ನಮ್ಮ ಕಡೆ ನಲ್ಲಿ ನೀರೇ ಅದಕ್ಕಿಂತ ಬಿಸಿ. ಟ್ರೇ ಕೆಳಗೆ ಐಸ್ ಹಾಕಿದ ಬೇಸಿನ್ ಇಡುತ್ತಿದ್ದರು. ಇನ್ನೊಂದು ಕರೆಂಟು. ನಮ್ಮದು ಭತ್ತದ ಕಣಜ ಎನಿಸಿಕೊಂಡ ಸೀಮೆ. ಗದ್ದೆಯ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದರೆ ವೋಲ್ಟೇಜ್ ಬೀಳುತ್ತದೆ, ಎನ್‌ಲಾರ್ಜರಿನ ಬಲ್ಬು ಕಂದುತ್ತದೆ, ಎಂಟು ಸೆಕೆಂಡಿನ ಪ್ರಿಂಟಿಗೆ ಹನ್ನೊಂದು ಬೇಕಾಗುತ್ತದೆ. ಯಜಮಾನರು ಬಲ್ಬಿನ ಬಣ್ಣ ನೋಡಿಯೇ ಎಣಿಕೆ ಬದಲಿಸುತ್ತಿದ್ದರು. ಈ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಟಚಿಂಗ್ ಇನ್ನೊಂದು ವಿದ್ಯೆ. ನೆಗೆಟಿವ್ ಮೇಲೆ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ, ಸಿಡುಬಿನ ಕಲೆಯನ್ನೋ ಕಣ್ಣಿನ ಕೆಳಗಿನ ಗೆರೆಯನ್ನೋ ಚುಕ್ಕಿ ಇಟ್ಟು ತುಂಬುವುದು. ನೆಗೆಟಿವಿನಲ್ಲಿ ಕಪ್ಪು ಹಚ್ಚಿದರೆ ಪ್ರಿಂಟಿನಲ್ಲಿ ಬಿಳುಪಾಗುತ್ತದೆ, ಅಂದರೆ ಎಲ್ಲವನ್ನೂ ತಿರುವುಮುರುವಾಗಿ ಯೋಚಿಸಬೇಕು. ಕೆಲಸ ಮುಗಿದ ನೆಗೆಟಿವ್ ಒಂದು ಕವರಿಗೆ, ಕವರಿಗೊಂದು ನಂಬರು, ಅದೇ ನಂಬರು ಗಿರಾಕಿಯ ರಸೀದಿಗೆ. ತೀರಿಕೊಂಡವರ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಸಬೇಕೆಂದು ಎಷ್ಟೋ ವರ್ಷದ ಮೇಲೆ ಮಗ ಬರುತ್ತಿದ್ದ. ಕಪಾಟಿನಲ್ಲಿ ಕವರು ಇರುತ್ತಿತ್ತು.

ಈ ಕಸುಬಿನ ಸರಕು ನಮಗೆ ದೂರದ್ದೇನೂ ಆಗಿರಲಿಲ್ಲ. ಬಂಡೀಪುರ ದಾಟಿ, ಗೂಡಲೂರಿನ ಮೇಲೆ ಘಾಟಿ ಹತ್ತಿದರೆ ಊಟಿ. ಅಲ್ಲಿ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೋ ಫಿಲಂಸ್ ಇತ್ತು. 1960ರಲ್ಲಿ ಸ್ಥಾಪನೆಯಾಗಿ, ಫ್ರಾನ್ಸಿನ ಬೋಶೆ ಕಂಪನಿಯ ತಾಂತ್ರಿಕ ನೆರವಿನಿಂದ 1967ರಲ್ಲಿ ಉತ್ಪಾದನೆ ಶುರು ಮಾಡಿದ ಕಾರ್ಖಾನೆ. ಫಿಲಂಗೆ ಧೂಳೂ ಸೆಕೆಯೂ ಆಗದು, ಅದಕ್ಕೇ ಆ ತಣ್ಣನೆಯ ಬೆಟ್ಟ. ‘ಇಂದು’ ಎಂಬ ಹೆಸರಿನ ಅದರ ಕಪ್ಪು-ಬಿಳುಪಿನ ಸರಕು ದೇಶದ ಉದ್ದಗಲಕ್ಕೂ ಹೋಗುತ್ತಿತ್ತು. ಬಣ್ಣದ ಫಿಲಂ ಬಂತು, ಸಾಲ ಏರಿತು, 1996ರ ಹೊತ್ತಿಗೆ ಅದನ್ನು ರೋಗಗ್ರಸ್ತ ಉದ್ಯಮವೆಂದು ಘೋಷಿಸಿದರು. ಅದು ಮುಚ್ಚಿಹೋದದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಫಿಲಂ ಮಾಡುವ ವಿದ್ಯೆ ಜಗತ್ತಿನಲ್ಲಿ ಬೆರಳೆಣಿಕೆಯ ದೇಶಗಳಿಗೆ ಗೊತ್ತಿತ್ತು. ನಮಗೂ ಗೊತ್ತಿತ್ತು.

ಆ ಕಪ್ಪು-ಬಿಳುಪಿನಲ್ಲಿ ಏನು ಸಾಧ್ಯ ಎಂದು ನೋಡಬೇಕಾದರೆ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಡೆಕ್ಕನ್ ಹೆರಾಲ್ಡ್‌ನಿಂದ ಅಮೆರಿಕದ ಲೈಫ್ ಪತ್ರಿಕೆಯವರೆಗೆ ಚಿತ್ರ ಕೊಟ್ಟವರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. 2009ರಲ್ಲಿ ತೀರಿಕೊಂಡರು. ಅವರ ಚಿತ್ರಗಳಲ್ಲಿ ದೊಡ್ಡ ಘಟನೆಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಬೀದಿಯ ಜನ, ಆಟದ ಮಕ್ಕಳು. ಯಾರೂ ಕ್ಯಾಮೆರಾಕ್ಕೆಂದು ಮುಖ ಮಾಡಿಕೊಂಡಿಲ್ಲ. ರೀಲಿನಲ್ಲಿ ಎಷ್ಟು ಉಳಿದಿದೆ ಎಂಬ ಎಚ್ಚರ ಇಟ್ಟುಕೊಂಡೇ ಅಷ್ಟು ಸಹಜವಾದ ಗಳಿಗೆಯನ್ನು ಹಿಡಿಯುವುದು ಎಂಥ ಸಂಯಮ! ಸಂಡೂರಿನ ಎಂ.ವೈ. ಘೋರ್ಪಡೆಯವರೂ ಕಾಡಿನ ಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲೇ ತೆಗೆದು 1983ರಲ್ಲಿ ‘ಸನ್‌ಲೈಟ್ ಅಂಡ್ ಶಾಡೋಸ್’ ಎಂಬ ಪುಸ್ತಕ ತಂದರು. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಹಕ್ಕಿಗೂಡಿನ ಮುಂದೆ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂತದ್ದೂ ಫಿಲಂ ಕಾಲದಲ್ಲೇ.

ಡಿಜಿಟಲ್ ಮಾಡಿದ ಉಪಕಾರವನ್ನು ಮರೆಯಬಾರದು. ಇವತ್ತು ನಾಗರಹೊಳೆಯ ಮುಸ್ಸಂಜೆಯಲ್ಲಿ ಹುಲಿ ಕಂಡರೆ ಫಿಲಂ ನಂಬಿ ಕೂರಲಾಗದು. ಮದುವೆಯ ಫೋಟೋಗ್ರಾಫರಿಗೆ ರೀಲು ಕೆಟ್ಟರೆ ಎಂಬ ಹೆದರಿಕೆ ಹೋಗಿದೆ. ಬಡವರ ಮನೆಯ ಮಗುವಿಗೂ ಹತ್ತಾರು ಫೋಟೋ ಇವೆ, ಇದು ಸಣ್ಣ ಮಾತಲ್ಲ. ಸೋಜಿಗವೆಂದರೆ ಮೊದಲ ಡಿಜಿಟಲ್ ಕ್ಯಾಮೆರಾ ಆದದ್ದು ಫಿಲಂ ಮಾರುವ ಕೊಡ್ಯಾಕ್ ಕಂಪನಿಯಲ್ಲೇ. 1975ರಲ್ಲಿ ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಆ ಪೆಟ್ಟಿಗೆ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. 2012ರಲ್ಲಿ ಕೊಡ್ಯಾಕ್ ದಿವಾಳಿ ಅರ್ಜಿ ಹಾಕಿತು.

ಆದರೂ ಬೆಳಕನ್ನು ಹಿಡಿಯುವ ರೀತಿಯಲ್ಲಿ ಎರಡಕ್ಕೂ ಅಂತರವಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ನಾಲೆಯ ಏರಿ ಮೇಲೆ ಬಿಳಿ ಪಂಚೆಯವರೊಬ್ಬರು ನಡೆದು ಬರುತ್ತಿದ್ದಾರೆ ಎನ್ನಿ. ಬೆಳಕು ಒಂದಿಷ್ಟು ಹೆಚ್ಚಾದರೂ ಡಿಜಿಟಲ್ಲಿನಲ್ಲಿ ಪಂಚೆ ಬರೀ ಬಿಳಿ ತೇಪೆಯಾಗುತ್ತದೆ, ಮಡಿಕೆ ಮರಳಿ ಬರುವುದಿಲ್ಲ. ನೆಗೆಟಿವ್ ಫಿಲಂ ಹೆಚ್ಚಿನ ಬೆಳಕನ್ನು ತಾಳಿಕೊಳ್ಳುತ್ತದೆ, ಪಂಚೆಯ ಮಡಿಕೆಯೂ ಮೋಡದ ಅಂಚೂ ಉಳಿಯುತ್ತವೆ. ಕಡಿಮೆ ಬೆಳಕಿಗೆ ಮಾತ್ರ ಅದು ಮುನಿಯುತ್ತದೆ, ಅಲ್ಲಿ ಡಿಜಿಟಲ್ಲೇ ಮೇಲು. ಇನ್ನು ಬೆಳ್ಳಿಯ ಕಣಗಳು. ಡಿಜಿಟಲ್ ಚಿತ್ರ ಸಾಲು ಹಾಕಿದ ಚೌಕಗಳಿಂದ ಆದದ್ದು. ಫಿಲಂನ ಕಣಗಳು ಎರಚಿದ ರಾಗಿಯಂತೆ, ಒಂದು ಚಿತ್ರದಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ.

ಫಿಲಂ ಸತ್ತಿಲ್ಲ. ಕೊಡ್ಯಾಕ್ ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲಂ 2018ರಲ್ಲಿ ಮತ್ತೆ ಬಂತು. 2024ರಲ್ಲಿ ಪೆಂಟಾಕ್ಸ್ ಹೊಸದೊಂದು ಫಿಲಂ ಕ್ಯಾಮೆರಾವನ್ನೇ ಮಾರುಕಟ್ಟೆಗೆ ಬಿಟ್ಟಿತು. ಬೆಲೆ ಮಾತ್ರ ಹಗುರವಲ್ಲ, ಒಂದು ಬಣ್ಣದ ರೀಲಿಗೆ ಆಳಿನ ಒಂದು ದಿನದ ಕೂಲಿಗಿಂತ ಹೆಚ್ಚು. ಶುರು ಮಾಡುವವರಿಗೆ ನನ್ನ ಸಲಹೆ, ಕಪ್ಪು-ಬಿಳುಪಿನಿಂದಲೇ ಶುರು ಮಾಡಿ. ಬಣ್ಣದ ಫಿಲಂ ಹೆಚ್ಚಾಗಿ ಲ್ಯಾಬಿಗೇ ಹೋಗುತ್ತದೆ, ಕಪ್ಪು-ಬಿಳುಪನ್ನು ಮನೆಯಲ್ಲೇ ಸುಲಭವಾಗಿ ತೊಳೆಯಬಹುದು. ಬೆಳಕು ಹೋಗದ ಒಂದು ಡಬ್ಬಿ, ಥರ್ಮಾಮೀಟರ್, ಡೆವಲಪರ್, ಹೈಪೋ ಇದ್ದರೆ ಸಾಕು. ಅದಕ್ಕೂ ಮೊದಲು ಅಟ್ಟ ಹುಡುಕಿ.

ಚಿಕ್ಕಪ್ಪನ ಕ್ಯಾಮೆರಾದ ಗಾಜು ಒರೆಸಿ, ಹೊಸ ರೀಲು ಹಾಕಿ, ಈ ಸಂಕ್ರಾಂತಿಗೆ ಚುಂಚನಕಟ್ಟೆಗೆ ಹೋಗಿದ್ದೆ. ಹನ್ನೆರಡು ತೆಗೆಯಲು ಇಡೀ ದಿನ ಹಿಡಿಯಿತು. ಮಾರನೆಯ ಮುಂಜಾನೆ, ಮಾಗಿಯ ಚಳಿಗೆ ತೊಟ್ಟಿಯ ನೀರು ತಾನಾಗಿಯೇ 20 ಡಿಗ್ರಿಗೆ ಇಳಿದಿದ್ದಾಗ, ಫಿಲಂ ತೊಳೆದು ಹಜಾರದ ತಂತಿಗೆ ಕ್ಲಿಪ್ ಹಾಕಿ ನೇತುಬಿಟ್ಟೆ. ಒಣಗಲು ಮಧ್ಯಾಹ್ನವಾಗುತ್ತದೆ. ಹಸಿ ಫಿಲಂ ಮೇಲೆ ಧೂಳು ಕೂತರೆ ಮತ್ತೆ ಹೋಗುವುದಿಲ್ಲ ಎಂದು ಮನೆಯಲ್ಲಿ ಹೇಳಿದ್ದೆ. ಅಮ್ಮ ಪೊರಕೆಯನ್ನು ಬಾಗಿಲ ಸಂದಿಗೆ ಒರಗಿಸಿ, ಅಂಗಳ ಗುಡಿಸದೆ, ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ.