ಆಯಿಲ್ ಫಿಲ್ಟರ್ ಬಿಚ್ಚಲು ಯಾವ ಪಾನಾ?

ಹದ ಮಳೆ ಬಿದ್ದ ಮೇಲೆ ಬಿತ್ತನೆಗೆ ಸಿಗೋದು ಮೂರು-ನಾಲ್ಕು ದಿನ. ಆಗ ಟ್ರ್ಯಾಕ್ಟರ್ ಆಯಿಲ್ ಬದಲಿಸಲು ಮೆಕ್ಯಾನಿಕ್‌ಗೆ ಕಾಯುತ್ತಾ ಕೂತರೆ ನೆಲ ಆರಿಹೋಗುತ್ತೆ. ಈ ಕೆಲಸ ನಾವೇ ಮಾಡಬಹುದು. ತೊಡಕು ಒಂದೇ: ಡಬ್ಬಿಯಂಥ ಫಿಲ್ಟರ್ ಬರಿಗೈಗೆ ಜಗ್ಗೋದಿಲ್ಲ.

ಇದಕ್ಕೆ ಮೂರು ಬಗೆ ಪಾನಾ ಇವೆ. ಟೋಪಿ ಪಾನಾ ಫಿಲ್ಟರಿನ ತಳಕ್ಕೆ ಕೂರುತ್ತೆ. ಅಳತೆ, ಮೂಲೆಗಳ ಎಣಿಕೆ ಎರಡೂ ಹೊಂದಬೇಕು. ಚೈನ್ ಪಾನಾದ ಹಿಡಿತ ಗಟ್ಟಿ, ಆದರೆ ಹಿಡಿ ತಿರುಗಿಸಲು ಪಕ್ಕದಲ್ಲಿ ಜಾಗ ಬೇಕು. ಬೆಲ್ಟ್ ಪಾನಾ ಸಣ್ಣದು ದೊಡ್ಡದು ಎರಡಕ್ಕೂ ಆಗುತ್ತೆ; ನಾನು ಬಳಸೋದು ಇದನ್ನೇ. ಹೊಸ ಫಿಲ್ಟರ್ ಕೊಳ್ಳುವಾಗಲೇ ಅದಕ್ಕೆ ಪಾನಾ ಹಾಕಿ ನೋಡಿ. ಸ್ಕ್ರೂಡ್ರೈವರ್ ಚುಚ್ಚಿ ತಿರುವುವ ರೂಢಿ ಬೇಡ. ತಗಡು ಹರಿದರೆ ಹಿಡಿಯಲು ಏನೂ ಉಳಿಯೋದಿಲ್ಲ.

ಎಂಜಿನ್ ಉಗುರುಬೆಚ್ಚಗಿರುವಾಗ ಆಯಿಲ್ ಇಳಿಸಿ. ಫಿಲ್ಟರ್ ಮೈ ಒರೆಸಿ ಪಾನಾ ಹಾಕಿ. ತಳದ ಕಡೆಯಿಂದ ನೋಡಿ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿ. ಹಳೇ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದ್ದರೆ ಕಿತ್ತು ಹಾಕಿ. ಅದರ ಮೇಲೇ ಹೊಸದು ಕೂತರೆ ಆಯಿಲ್ ಚಿಮ್ಮುತ್ತೆ. ಹೊಸ ರಿಂಗಿಗೆ ಹೊಸ ಆಯಿಲ್ ಸವರಿ.

ಪಾನಾ ಬಿಚ್ಚೋದಕ್ಕೆ ಮಾತ್ರ, ಬಿಗಿಯೋದಕ್ಕಲ್ಲ. ರಿಂಗ್ ತಾಗಿದ ಮೇಲೆ ಕೈಯಲ್ಲೇ ಸುಮಾರು ಮುಕ್ಕಾಲು ಸುತ್ತು, ಇಲ್ಲವೇ ಫಿಲ್ಟರ್ ಮೇಲೆ ಬರೆದಷ್ಟು ಬಿಗಿದರೆ ಸಾಕು. ಆಯಿಲ್ ತುಂಬಿ, ಎಂಜಿನ್ ಓಡಿಸಿ, ಸೋರಿಕೆ ನೋಡಿ. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ಎಳೆದು ಮಟ್ಟ ನೋಡಿ. ಹಳೇ ಆಯಿಲ್ ಮಾತ್ರ ಹೊಲಕ್ಕೆ ಚೆಲ್ಲಬೇಡಿ.