ಅವ್ವನ ಕಡೆಯ ಕಿಟಕಿ

ಮುಂಬಯಿಯಲ್ಲಿ ಪ್ರೀಮಿಯರ್ ಪದ್ಮಿನಿ ಓಡಿಸುವವರನ್ನು ಸಿಗ್ನಲ್ಲಿನಲ್ಲಿ ಯಾರಾದರೊಬ್ಬರು ಮಾತನಾಡಿಸಿಯೇ ತೀರುತ್ತಾರೆ. ಯಾವ ಮಾಡೆಲ್, ಪಾರ್ಟ್ಸ್ ಎಲ್ಲಿ ಸಿಗುತ್ತವೆ, ಮಾರುತ್ತೀರಾ? 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಸರಿದ ಮೇಲಂತೂ ಈ ವಿಚಾರಣೆ ಹೆಚ್ಚಾಗಿದೆ. ನಮ್ಮದು 1986ರ ಗಾಡಿ, ಇಲ್ಲೇ ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ್ದು. ಧಾರವಾಡದಿಂದ ಬಂದು ಮುಲುಂಡಿನಲ್ಲಿ ನೆಲೆಸಿದ ಅಪ್ಪ 1994ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದೆ ಸೋಫಾದಂಥ ಒಂದೇ ಸೀಟು, ಏಸಿ ಇಲ್ಲ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾದರೂ ಗಾಡಿಯನ್ನು ಅವರು ಬಿಟ್ಟುಹೋದ ಹಾಗೇ ಉಳಿಸಿದ್ದೇನೆ ಎಂಬ ಸಣ್ಣ ಜಂಬ ನನಗಿತ್ತು.

ಅವ್ವನಿಗೆ ಸಂಧಿವಾತ. ಬೆರಳುಗಳು ಗಂಟುಗಟ್ಟಿ ಸೊಟ್ಟಗಾಗಿವೆ. ಹೋದ ವರ್ಷ ಜೂನಿನಲ್ಲಿ ಅವಳನ್ನು ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಕರೆದೊಯ್ಯುತ್ತಿದ್ದೆ. ವಿಕ್ರೋಲಿ ದಾಟುವಾಗ ಆಕಾಶ ಒಮ್ಮೆಲೇ ಹರಿದು ಬಿತ್ತು. ಅವಳ ಕಡೆಯ ಕಿಟಕಿ ಪೂರ್ತಿ ಕೆಳಗಿತ್ತು. ನಾನು ಹೈವೇಯ ಬಲಗಡೆಯ ಸಾಲಿನಲ್ಲಿ, ಎಡಕ್ಕೆ ಸರಿದು ನಿಲ್ಲಿಸಲು ಜಾಗವಿಲ್ಲ. ಎರಡೂ ಕೈಯಿಂದ ಹಿಡಿ ಹಿಡಿದು ಅವಳು ತಿರುಗಿಸಲು ನೋಡಿದಳು. ಅದು ಅರ್ಧ ಸುತ್ತೂ ಬರಲಿಲ್ಲ. ಹೊಸ ಇಳಕಲ್ ಸೀರೆ ತೊಯ್ದು ಮೈಗೆ ಅಂಟಿತು. ಅವಳು ಏನೂ ಅನ್ನಲಿಲ್ಲ. ಮುಂದಿನ ಸಲ ಕರೆದಾಗ ಮಾತ್ರ, ‘ನೀ ಹೋಗಿ ಬಾ. ಆ ಕಿಡಕಿ ತಿರಗಸೂದು ನನ್ನ ಕೈಲೆ ಆಗಂಗಿಲ್ಲ’ ಅಂದಳು. ಆಮೇಲೆ ಮೂರು ತಿಂಗಳು ಅವಳು ಗಾಡಿ ಹತ್ತಲಿಲ್ಲ.

ಹಳೆಯ ಗಾಡಿ ಸಾಕುವ ಗೆಳೆಯರ ಮುಂದೆ ಪವರ್ ವಿಂಡೋ ಮಾತು ತೆಗೆದೆ. ಪದ್ಮಿನಿಗೆ ಮೋಟಾರು ಹಚ್ಚುವುದೇ ಎಂದು ಅವರು ನಕ್ಕರು. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಕೊಡುವ 2021ರ ನಿಯಮದಲ್ಲಿ ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇರಬಾರದು ಎಂದಿದೆ. ನಮ್ಮ ಗಾಡಿಗೆ 50 ತುಂಬುವುದು 2036ಕ್ಕೆ. ಆಗ ಅವ್ವನಿಗೆ 89. ಲೆಕ್ಕ ಹಾಕಿದ ದಿನವೇ ಕುರ್ಲಾದ ಸಿಎಸ್‌ಟಿ ರಸ್ತೆಗೆ ಹೋದೆ.

ದಾರಿ ಎರಡು. ಬಾಗಿಲೊಳಗಿನ ಹಳೆಯ ವಿಂಡೋ ಮೆಷಿನ್ ಕಿತ್ತು, ತೂತು ಕೊರೆದು, ಬೇರೆ ಗಾಡಿಯ ಮೆಷಿನ್ ಮೋಟಾರು ಸಮೇತ ಕೂರಿಸುವುದು ಒಂದು. ಹಳೆಯ ಮೆಷಿನ್ ಹಾಗೇ ಬಿಟ್ಟು, ಹಿಡಿ ಕೂರುತ್ತಿದ್ದ ಹಲ್ಲಿನ ಕಡ್ಡಿಗೆ ಅಡಾಪ್ಟರ್ ಸಿಕ್ಕಿಸಿ ಅದನ್ನೇ ಮೋಟಾರಿನಿಂದ ತಿರುಗಿಸುವುದು ಇನ್ನೊಂದು. ಎರಡನೆಯದನ್ನೇ ಆರಿಸಿದೆ, ಅದೂ ಎಡಗಡೆಯ ಮುಂದಿನ ಬಾಗಿಲಿಗೆ ಮಾತ್ರ. ನಾಳೆ ಬೇಡವೆನಿಸಿದರೆ ಬಿಚ್ಚಿ ಹಿಡಿ ಹಾಕಿದರಾಯಿತು.

ಮೊದಲು ಸಿಕ್ಕ ಮಿಸ್ತ್ರಿ ಅವಸರದವನು. ಒಂದೇ ಮಧ್ಯಾಹ್ನದಲ್ಲಿ ಮೋಟಾರು ಕೂರಿಸಿ ಕೊಟ್ಟ. ಗಾಜು ನಾಲ್ಕು ಸಲ ಸರಾಗವಾಗಿ ಏರಿ ಇಳಿಯಿತು. ಐದನೆಯ ಸಲ ಅರ್ಧಕ್ಕೆ ನಿಂತು ಫ್ಯೂಸ್ ಹಾರಿತು. ಆ ರಾತ್ರಿ ಬಾಗಿಲಿಗೆ ಪ್ಲಾಸ್ಟಿಕ್ ಕಟ್ಟಿ, ಮಳೆ ಬಂದೀತೆಂದು ಎರಡು ಸಲ ಕೆಳಗಿಳಿದು ನೋಡಿ ಬಂದೆ.

ತಪ್ಪು ಮೋಟಾರಿನದಲ್ಲ. ಗಾಜು ಜಾರುವ ಚಾನೆಲ್ಲಿನ ಫೆಲ್ಟ್ ನಾಲ್ಕು ದಶಕದ ಧೂಳು ಕುಡಿದು ಕಲ್ಲಾಗಿತ್ತು. ಮೆಷಿನ್ನಿನ ಗ್ರೀಸ್ ಒಣಗಿ ಮೇಣದಂತಾಗಿತ್ತು. ಅಪ್ಪನ ಕೈ, ನನ್ನ ಕೈ ಆ ಬಿಗಿಗೆ ಒಗ್ಗಿಹೋಗಿದ್ದವು. ನಮಗದು ಬಿಗಿ ಎಂದೇ ಗೊತ್ತಿರಲಿಲ್ಲ. ಎರಡನೆಯ ಮಿಸ್ತ್ರಿ, ಪದ್ಮಿನಿ ಟ್ಯಾಕ್ಸಿಗಳ ಕಾಲದ ಚಾಚಾ, ಮೋಟಾರು ಮುಟ್ಟುವ ಮೊದಲು ಹೊಸ ಫೆಲ್ಟ್ ಹಾಕಿದರು, ಹಳೆಯ ಗ್ರೀಸ್ ಡೀಸೆಲ್ಲಿನಲ್ಲಿ ತೊಳೆದು ಹೊಸದು ಸವರಿದರು. ಹಿಡಿ ಸಿಕ್ಕಿಸಿ ‘ಈಗ ತಿರುಗಿಸಿ ನೋಡಿ’ ಅಂದರು. ಎರಡೇ ಬೆರಳಿಗೆ ಗಾಜು ಮೇಲೆ ಬಂತು. ಒಂಬತ್ತು ವರ್ಷ ‘ಇದ್ದ ಹಾಗೇ’ ಉಳಿಸಿದ್ದೆನಲ್ಲ, ಆ ಕೊಳೆಯನ್ನೂ ಉಳಿಸಿದ್ದೆ. ಕೆಲಸ ಇಲ್ಲಿಗೇ ನಿಲ್ಲಿಸಬಹುದಿತ್ತು. ಅವ್ವನನ್ನು ಕರೆಸಿ ನೋಡಿದೆ. ಮಣಿಕಟ್ಟು ತಿರುಗಿಸಿದ ಕೂಡಲೇ ಅವಳ ಮುಖ ಕಿವುಚಿತು. ಮೋಟಾರು ಬೇಕೇ ಬೇಕಿತ್ತು.

ಮುಂದಿನದು ವಿದ್ಯುತ್ತಿನ ಕೆಲಸ. ಮೋಟಾರಿಗೆ ಎರಡೇ ತಂತಿ: ಕರೆಂಟು ಒಂದು ದಿಕ್ಕಿಗೆ ಹರಿದರೆ ಗಾಜು ಮೇಲೆ, ತಿರುವುಮುರುವಾದರೆ ಕೆಳಗೆ. ಆದರೆ ಅದು ಎಳೆಯುವ ಕರೆಂಟು ಡ್ಯಾಶ್‌ಬೋರ್ಡಿನ ಹಳೆಯ ಸಪೂರ ವೈರಿಗೆ ತಡೆಯುವಂಥದ್ದಲ್ಲ. ಬ್ಯಾಟರಿಯಿಂದಲೇ ದಪ್ಪ ವೈರು ಎಳೆದು, ನಡುವೆ ಫ್ಯೂಸು, ಎರಡು ರಿಲೇ ಹಾಕಿದೆವು. ನಮ್ಮ ಗಾಡಿಯಲ್ಲಿ ಇನ್ನೂ ಡೈನಮೋ. ಟ್ರಾಫಿಕ್ಕಿನಲ್ಲಿ ನಿಂತಾಗ ಅದು ಚಾರ್ಜ್ ಮಾಡುವುದು ಅಷ್ಟಕ್ಕಷ್ಟೆ. ನಾಲ್ಕೂ ಬಾಗಿಲಿಗೆ ಮೋಟಾರು ಬೇಡವೆಂದದ್ದಕ್ಕೆ ಇದೂ ಒಂದು ಕಾರಣ. ಬಾಗಿಲಿನ ಕೀಲಿನ ಬಳಿ ವೈರನ್ನು ರಬ್ಬರ್ ಕೊಳವೆಯಲ್ಲಿ ಸ್ವಲ್ಪ ಸಡಿಲವಾಗಿ ಬಿಡಬೇಕು. ಇಲ್ಲದಿದ್ದರೆ ಬಾಗಿಲು ತೆಗೆದು ಹಾಕುವಾಗೆಲ್ಲ ತಂತಿ ಮಡಚಿ ಮಡಚಿ ಒಳಗೇ ತುಂಡಾಗುತ್ತದೆ.

ಸ್ವಿಚ್ಚಿಗೆ ಹೆಚ್ಚು ತಲೆ ಕೆಡಿಸಿಕೊಂಡೆ. ಕಿಟ್ಟಿನ ಜೊತೆ ಬಂದದ್ದು ಬೆರಳ ತುದಿಯಷ್ಟು ಚಿಕ್ಕದು. ಬೆರಳು ನೆಟ್ಟಗಿದ್ದವರಿಗೆ ಮಾಡಿದ್ದು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹುಡುಕಿ, ಅಂಗೈಯಿಂದಲೂ ಒತ್ತಬಹುದಾದ ಅಗಲದ ಸ್ವಿಚ್ ತಂದೆ. ಅವ್ವನನ್ನು ಸೀಟಿನಲ್ಲಿ ಕೂರಿಸಿ, ಅವಳ ಕೈ ತಾನಾಗಿ ಬೀಳುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಸಣ್ಣ ಕ್ಲಾಂಪಿನಲ್ಲಿ ಅಲ್ಲೇ ಹಚ್ಚಿದೆವು.

ಈ ಕಿಟ್ಟುಗಳಲ್ಲಿ ಕೈ ಸಿಕ್ಕಿದರೆ ತಾನಾಗಿ ಹಿಂದೆ ಸರಿಯುವ ವ್ಯವಸ್ಥೆ ಇರುವುದಿಲ್ಲವೆಂದು ಚಾಚಾ ಎಚ್ಚರಿಸಿದ್ದರು. ಪರೀಕ್ಷೆಗೆ ಗಾಜಿನ ಅಂಚಿಗೆ ಒಂದು ಸೌತೆಕಾಯಿ ಹಿಡಿದೆ. ಕಚಕ್ಕನೆ ಜಜ್ಜಿ ಹಾಕಿತು. ‘ಕೋಸಂಬರಿಗಾತು’ ಅಂದಳು ಅವ್ವ. ನನಗೆ ಮಾತ್ರ ಎದೆ ಝಲ್ಲೆಂದಿತು. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಗಾಜು ಓಡುವಂತೆ, ಚಾವಿ ತಿರುಗಿಸಿದ್ದಾಗ ಮಾತ್ರ ಸ್ವಿಚ್ಚಿಗೆ ಜೀವ ಬರುವಂತೆ ವೈರಿಂಗ್ ಬದಲಿಸಿದೆವು. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ನೀವೂ ಇದನ್ನು ಮರೆಯಬೇಡಿ.

ಎಲ್ಲ ಸೇರಿ ಏಳು ಸಾವಿರದ ಹತ್ತಿರ ಬಂತು, ಮೊದಲ ಮಿಸ್ತ್ರಿಗೆ ದಂಡ ತೆತ್ತದ್ದೂ ಸೇರಿ. ತೆಗೆದ ಹಿಡಿಯನ್ನು ಬಟ್ಟೆಯಲ್ಲಿ ಸುತ್ತಿ, ಒಂದು ಸ್ಕ್ರೂಡ್ರೈವರ್ ಜೊತೆ ಡಿಕ್ಕಿಯಲ್ಲಿಟ್ಟಿದ್ದೇನೆ.

ಹೋದ ಭಾನುವಾರ ಮತ್ತೆ ಮಾಟುಂಗಾಕ್ಕೆ ಹೊರಟೆವು. ಘಾಟ್ಕೋಪರ್ ಮುಟ್ಟುವಷ್ಟರಲ್ಲಿ ಅವ್ವ ಗಾಜನ್ನು ಏಳೆಂಟು ಸಲ ಏರಿಸಿ ಇಳಿಸಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಚಾರ್ಜಿಂಗಿನ ಕೆಂಪು ದೀಪ ಮಿಣುಗಿತು.

‘ಬ್ಯಾಟರಿ ಇಳೀತದ ಅವ್ವಾ.’

‘ಇಳೀಲಿ ಬಿಡು. ಹಸರು ಬಿತ್ತು, ನೀ ಮುಂದ ನೋಡಿ ಗಾಡಿ ಹೊಡಿ.’