ಆಸ್ಪತ್ರೆಯ ಸಾಲ, ಮನೆಯ ಖರ್ಚು: ಯಾವುದು ಮೊದಲು?



ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಸಾಲ ಕೊಡುವ ಮೇಜಿನ ಹಿಂದೆ ಕುಳಿತವನು ನಾನು. ನಿವೃತ್ತಿಯ ನಂತರ ನಮ್ಮ ಸಂಘದ ವೈದ್ಯಕೀಯ ನೆರವಿನ ಅರ್ಜಿಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಭಾನುವಾರ ಬೆಳಿಗ್ಗೆ ಕಚೇರಿಯಲ್ಲಿ ಕುಳಿತು ಸಾಲ ಮಾಡಿದವರ ಕತೆ ಕೇಳುತ್ತೇನೆ. ಅರ್ಜಿಯಲ್ಲಿ ಆಸ್ಪತ್ರೆಯ ಬಿಲ್ ಇರುತ್ತದೆ, ಡಾಕ್ಟರ ಚೀಟಿ ಇರುತ್ತದೆ. ಆ ಬಿಲ್ ಕಟ್ಟಲು ಮಾಡಿದ ಸಾಲ ಮನೆಯೊಳಗೆ ಏನು ಮಾಡುತ್ತಿದೆ ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಈ ಸಲ ಅದನ್ನೇ ವಿವರಿಸಬೇಕೆಂದು ಕುಳಿತಿದ್ದೇನೆ.

ಡೊಂಬಿವಲಿಯ ಒಂದು ಕುಟುಂಬ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ. ಯಜಮಾನರು ಹೋಟೆಲೊಂದರಲ್ಲಿ ಕ್ಯಾಷಿಯರ್, ಸಂಬಳ 34,000 ರೂಪಾಯಿ. ಮನೆಯಾಕೆ ಬ್ಲೌಸ್ ಹೊಲಿದು ತಿಂಗಳಿಗೆ ಸುಮಾರು 8,000 ದುಡಿಯುತ್ತಾರೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಊರಿನಲ್ಲಿ ವಯಸ್ಸಾದ ತಾಯಿ. ಎರಡು ವರ್ಷದ ಹಿಂದೆ ಯಜಮಾನರಿಗೆ ಹೃದಯಾಘಾತವಾಗಿ ಎರಡು ಸ್ಟೆಂಟ್ ಹಾಕಿದರು. ಬಿಲ್ 4,60,000. ಇನ್ಷೂರೆನ್ಸ್‌ನಿಂದ ಬಂದದ್ದು 1,50,000. ಉಳಿದ 3,10,000 ಹೀಗೆ ಹೊಂದಿಸಿದ್ದರು:

ಪರ್ಸನಲ್ ಲೋನ್: 1,50,000, ಬಡ್ಡಿ ಶೇ. 15, ಮೂರು ವರ್ಷ, ಕಂತು 5,200
ಕ್ರೆಡಿಟ್ ಕಾರ್ಡ್: 60,000, ಬಡ್ಡಿ ತಿಂಗಳಿಗೆ ಶೇ. 3.5
ಬ್ಯಾಂಕಿನಲ್ಲಿ ಸರ ಅಡವು: 60,000, ಬಡ್ಡಿ ವರ್ಷಕ್ಕೆ ಶೇ. 9.5
ಭಾವನಿಂದ ಕೈಗಡ: 40,000, ಬಡ್ಡಿ ಇಲ್ಲ

ಅವರು ಸಂಘಕ್ಕೆ ಬಂದದ್ದು ಆಪರೇಷನ್ ಆಗಿ ನಾಲ್ಕು ತಿಂಗಳ ಮೇಲೆ. "ಸಾರ್, ಒಂದು ಕಂತೂ ತಪ್ಪಿಸಿಲ್ಲ" ಎಂದು ಹೆಮ್ಮೆಯಿಂದಲೇ ಹೇಳಿದರು. ಹೌದು, ತಪ್ಪಿಸಿರಲಿಲ್ಲ. ಹಾಗಾದರೆ ಹಣ ಎಲ್ಲಿಂದ ಬರುತ್ತಿದೆ ಎಂದು ಕೇಳಿದೆ. ಉತ್ತರ ಕೊಟ್ಟದ್ದು ಪಕ್ಕದಲ್ಲಿ ಕುಳಿತಿದ್ದ ಮನೆಯಾಕೆ: "ಮಾತ್ರೆ ಒಂದು ದಿನ ಬಿಟ್ಟು ಒಂದು ದಿನ ತೆಗೆದುಕೊಳ್ತಿದ್ದಾರೆ."

ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಬಿಡಬಾರದು. ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗಬಹುದು. ನಾಲ್ಕೂವರೆ ಲಕ್ಷ ಖರ್ಚು ಮಾಡಿ ಉಳಿಸಿಕೊಂಡ ಜೀವವನ್ನು ಅವರು ಕಂತಿಗಾಗಿ ಪಣಕ್ಕಿಟ್ಟಿದ್ದರು.

ಲೆಕ್ಕ ಎಲ್ಲಿ ತಪ್ಪಿತ್ತು?

ಒಂದು ಹಾಳೆ ಕೊಟ್ಟು ಇಬ್ಬರೂ ಸೇರಿ ಮನೆಯ ಖರ್ಚು ಬರೆಯಿರಿ ಎಂದೆ. ಬಾಡಿಗೆ 11,000. ಕಿರಾಣಿ, ಹಾಲು, ತರಕಾರಿ, ಗ್ಯಾಸ್ 11,500. ಶಾಲೆಯ ಫೀಸು, ಪುಸ್ತಕ 4,000. ಕರೆಂಟು, ಮೊಬೈಲು 1,800. ರೈಲಿನ ಪಾಸು, ಬಸ್ಸು 1,200. ಔಷಧಿ 2,500. ಇನ್ಷೂರೆನ್ಸ್ ಪ್ರೀಮಿಯಂಗೆ ತಿಂಗಳ ಲೆಕ್ಕದಲ್ಲಿ 1,500. ಊರಿಗೆ 2,000. ಒಟ್ಟು 35,500. ಆದಾಯ 42,000. ಉಳಿಯುವುದು 6,500.

ಕಟ್ಟಬೇಕಾದದ್ದು? ಪರ್ಸನಲ್ ಲೋನ್ ಕಂತು 5,200, ಸರದ ಬಡ್ಡಿ 475, ಕಾರ್ಡಿನ ಮಿನಿಮಮ್ ಡ್ಯೂ 3,000. ಒಟ್ಟು 8,675. ಪ್ರತಿ ತಿಂಗಳೂ 2,175 ರೂಪಾಯಿ ಕಡಿಮೆ. ಇದರಲ್ಲಿ 1,250 ಅರ್ಧ ಬಿಟ್ಟ ಮಾತ್ರೆಯಿಂದ ಬರುತ್ತಿತ್ತು. ಉಳಿದ ಒಂಬೈನೂರು ಚಿಲ್ಲರೆಗೆ ಅದೇ ಕಾರ್ಡ್ ಉಜ್ಜಿ ಕಿರಾಣಿ ತರುತ್ತಿದ್ದರು.

ಈಗ ಕಾರ್ಡಿನ ಲೆಕ್ಕ ನೋಡಿ. 60,000ಕ್ಕೆ ತಿಂಗಳಿಗೆ ಶೇ. 3.5 ಎಂದರೆ ಬಡ್ಡಿ 2,100. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 378. ಕಟ್ಟಿದ 3,000ದಲ್ಲಿ 2,478 ಹೀಗೇ ಹೋಯಿತು. ಅಸಲಿಗೆ ಸೇರಿದ್ದು 522. ಅದೇ ತಿಂಗಳು ಒಂಬೈನೂರರ ಕಿರಾಣಿ ಮತ್ತೆ ಕಾರ್ಡಿಗೆ ಸೇರಿತು. ಒಂದು ಕಂತೂ ತಪ್ಪಿಸದವರ ಸಾಲ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು!

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಕಾರ್ಡಿನ ಬಾಕಿಯನ್ನು ಪೂರ್ತಿ ಕಟ್ಟದಿದ್ದರೆ ಬಡ್ಡಿ ಇಲ್ಲದ ಅವಧಿ ಹೊಸ ಖರೀದಿಗೆ ಸಿಗುವುದಿಲ್ಲ. ಅಂದು ತಂದ ಅಕ್ಕಿಗೆ ಅಂದಿನಿಂದಲೇ ಬಡ್ಡಿ. ಮಿನಿಮಮ್ ಡ್ಯೂ ಕಟ್ಟಿದರೆ ನೀವು ಸುಸ್ತಿದಾರ ಆಗುವುದಿಲ್ಲ, ಅಷ್ಟೇ. ಅದನ್ನು ಸಾಲ ತೀರಿಸುವ ಕಂತು ಎಂದು ತಿಳಿಯಬೇಡಿ.

ಏನು ಮಾಡಿದೆವು?

ಮೊದಲು ಮನೆಗೆ ಬಿಡಲಾಗದ ಖರ್ಚು ಯಾವುದು ಎಂದು ಗೆರೆ ಎಳೆದೆವು. ಊಟ, ಬಾಡಿಗೆ, ಮಕ್ಕಳ ಫೀಸು, ಔಷಧಿ, ಇನ್ಷೂರೆನ್ಸ್. ಈ ಐದಕ್ಕೆ ಕೈ ಹಾಕಬಾರದು. ಯಜಮಾನರು ಮುಂದಿನ ಪ್ರೀಮಿಯಂ ಬಿಟ್ಟು ಆ ಹಣವನ್ನು ಸಾಲಕ್ಕೆ ಹಾಕುವ ಯೋಚನೆಯಲ್ಲಿದ್ದರು. ಬೇಡವೇ ಬೇಡ ಎಂದೆ. ಪಾಲಿಸಿ ಒಮ್ಮೆ ಮುರಿದರೆ, ಹೃದ್ರೋಗ ಇರುವವರಿಗೆ ಹೊಸ ಪಾಲಿಸಿ ಸಿಗುವುದೇ ಕಷ್ಟ. ಸಿಕ್ಕರೂ ಹಳೆಯ ಕಾಯಿಲೆಗೆ ಕಾಯುವ ಅವಧಿ ಮೊದಲಿನಿಂದ ಶುರುವಾಗುತ್ತದೆ.

ಎರಡನೆಯದು, ಕಾರ್ಡ್. ವರ್ಷಕ್ಕೆ ಶೇ. 42 ಬಡ್ಡಿಯ ಸಾಲವನ್ನು ಇಟ್ಟುಕೊಂಡು ಯಾವ ಬಜೆಟ್ಟೂ ನಿಲ್ಲುವುದಿಲ್ಲ. ಮನೆಯಾಕೆಯ ಕೈಯಲ್ಲಿ ಎರಡು ಬಳೆ ಇದ್ದವು. ಅವುಗಳನ್ನೂ ಬ್ಯಾಂಕಿನಲ್ಲಿ ಇಟ್ಟು ಶೇ. 9.5ಕ್ಕೆ 60,000 ತೆಗೆದು ಕಾರ್ಡ್ ತೀರಿಸಬಹುದು ಎಂದು ಹೇಳಿದೆ. ಹೇಳುವುದು ನನಗೆ ಸುಲಭ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಊರಿಗೆ ಹೋದಾಗ ಅತ್ತೆ ಕೈ ನೋಡ್ತಾರೆ ಸಾರ್" ಎಂದರು. ಮುಂದಿನ ಭಾನುವಾರ ಬಳೆ ಬ್ಯಾಂಕಿನಲ್ಲಿತ್ತು, ಕಾರ್ಡ್ ಎರಡು ತುಂಡಾಗಿತ್ತು. ತಿಂಗಳಿಗೆ 2,478 ಹೋಗುತ್ತಿದ್ದ ಜಾಗದಲ್ಲಿ ಈಗ 475. ಆದರೆ ಎಚ್ಚರ: ಅವಧಿಯೊಳಗೆ ತೀರಿಸದಿದ್ದರೆ, ನವೀಕರಿಸದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ. ಪ್ರತಿ ತಿಂಗಳೂ ಅಸಲು ಕಟ್ಟುವ ದಾರಿ ಇದ್ದರೆ ಮಾತ್ರ ಈ ಉಪಾಯ.

ಆ ದಾರಿ ಮಾಡಿಕೊಟ್ಟದ್ದು ನಿಮ್ಮ ದೇಣಿಗೆ. ಸಾಲ ತೀರಿಸಲು ನಮ್ಮ ಸಂಘ ಹಣ ಕೊಡುವುದಿಲ್ಲ; ಚೆಕ್ಕು ಆಸ್ಪತ್ರೆಗೆ ಅಥವಾ ಔಷಧಿ ಅಂಗಡಿಗೆ ನೇರವಾಗಿ ಹೋಗುತ್ತದೆ. ಸಮಿತಿ ಒಂದು ವರ್ಷದ ಔಷಧಿಯನ್ನು, ತಿಂಗಳಿಗೆ 2,500ರಂತೆ, ವಹಿಸಿಕೊಂಡಿತು. ಊರಿನ ತಾಯಿಯ ಖರ್ಚಿನಲ್ಲಿ ಅರ್ಧವನ್ನು ತಮ್ಮ ವಹಿಸಿಕೊಂಡ. ಅಲ್ಲಿಯವರೆಗೂ ಅವನಿಗೆ ಸಾಲದ ವಿಷಯವೇ ಹೇಳಿರಲಿಲ್ಲ! ಭಾವನ ಬಳಿ ಯಜಮಾನರೇ ಹೋಗಿ, ನಿನ್ನದು ಕೊನೆಗೆ, ಇಂಥ ತಿಂಗಳಿಂದ ಶುರು ಎಂದು ಹೇಳಿ ಬಂದರು. ಮುಖ ತಪ್ಪಿಸಿ ಓಡಾಡುವುದು ನಿಂತಿತು.

ಈಗ ಖರ್ಚು 32,000ಕ್ಕೆ ಇಳಿಯಿತು, ಉಳಿದದ್ದು 10,000. ಕಂತು 5,200, ಎರಡೂ ಒಡವೆಯ ಬಡ್ಡಿ 950. ಮಿಕ್ಕ 3,850ರಲ್ಲಿ 500 ಆರ್‌ಡಿಗೆ, 350 ಕೈಖರ್ಚಿಗೆ, 3,000 ಬಳೆಯ ಅಸಲಿಗೆ.

ಶೇ. 15ರ ಪರ್ಸನಲ್ ಲೋನ್ ಬಿಟ್ಟು ಶೇ. 9.5ರ ಬಂಗಾರಕ್ಕೆ ಏಕೆ ಎಂದು ಲೆಕ್ಕ ಬಲ್ಲವರು ಕೇಳಬಹುದು. ಹೆಚ್ಚು ಬಡ್ಡಿಯದು ಮೊದಲು ಎಂಬುದೇ ಸಾಮಾನ್ಯ ನಿಯಮ. ಆದರೆ ಅವರ ಪರ್ಸನಲ್ ಲೋನಿಗೆ ಮೊದಲ ವರ್ಷ ಮುಂಗಡವಾಗಿ ಕಟ್ಟಲು ಅವಕಾಶವಿರಲಿಲ್ಲ. ಜೊತೆಗೆ, ಬಿಡಿಸಿಕೊಂಡ ಬಳೆ ಮುಂದಿನ ಕಷ್ಟಕ್ಕೆ ಮನೆಯಲ್ಲೇ ಇರುವ ಆಪತ್ತಿನ ನಿಧಿ.

ಇನ್ನು ಆ 500ರ ಆರ್‌ಡಿ. ಸಾಲ ಇರುವಾಗ ಉಳಿತಾಯವೇಕೆ ಎಂದು ಯಜಮಾನರೂ ಕೇಳಿದ್ದರು. ಮೂರನೇ ತಿಂಗಳು ಮಗನ ಕನ್ನಡಕ ಒಡೆಯಿತು. ಕೈಖರ್ಚು, ಆರ್‌ಡಿ ಸೇರಿ ಹೊಸದು ಬಂತು. ಈ ಸಣ್ಣ ಗಂಟು ಇಲ್ಲದಿದ್ದರೆ ಮತ್ತೆ ಕೈಗಡವೇ ಆಗುತ್ತಿತ್ತು.

ಒಂದು ವರ್ಷದಲ್ಲಿ 36,000 ಮತ್ತು ದೀಪಾವಳಿ ಬೋನಸ್ಸಿನ 14,000 ಸೇರಿ 50,000 ಬಳೆಯ ಸಾಲಕ್ಕೆ ಹೋಯಿತು. ಪರ್ಸನಲ್ ಲೋನ್ ಸುಮಾರು 1,07,000ಕ್ಕೆ ಇಳಿಯಿತು. ಒಟ್ಟು ಸಾಲ 3,10,000ದಿಂದ 2,17,000ಕ್ಕೆ ಬಂತು. ಡಾಕ್ಟರನ್ನು ಕೇಳಿ ಜನೌಷಧಿ ಕೇಂದ್ರದ ಮಾತ್ರೆಗೆ ಬದಲಾಯಿಸಿಕೊಂಡದ್ದರಿಂದ ಔಷಧಿಯ ಖರ್ಚು ಈಗ 1,200. ಎರಡನೇ ವರ್ಷ ಅವರೇ ಕೊಂಡುಕೊಳ್ಳುತ್ತಿದ್ದಾರೆ. ಒಂದು ದಿನವೂ ಬಿಟ್ಟಿಲ್ಲ.

ಸಾಲ ಮಾಡುವ ಮುನ್ನ

ಬಡ್ಡಿ ಕೇಳುವಾಗ "ಫ್ಲಾಟೋ, ರೆಡ್ಯೂಸಿಂಗೋ" ಎಂದು ಕೇಳಿ. ಒಂದು ಲಕ್ಷಕ್ಕೆ ಮೂರು ವರ್ಷಕ್ಕೆ ಶೇ. 10 ಫ್ಲಾಟ್ ಎಂದರೆ, ಅಸಲು ಕಡಿಮೆಯಾಗುತ್ತ ಹೋದರೂ ಬಡ್ಡಿ ಪೂರ್ತಿ ಲಕ್ಷಕ್ಕೇ. ನಿಜವಾದ ದರ ಶೇ. 18ರ ಹತ್ತಿರ. 2024ರ ಅಕ್ಟೋಬರ್‌ನಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ವೈಯಕ್ತಿಕ ಸಾಲಕ್ಕೆಲ್ಲ ಮುಖ್ಯಾಂಶಗಳ ಒಂದು ಪತ್ರ ಕೊಡಬೇಕು. ಎಲ್ಲ ಶುಲ್ಕವೂ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಅದನ್ನು ಓದದೆ ಸಹಿ ಹಾಕಬೇಡಿ.

ಕಂತು ಕಟ್ಟಲಾಗದಿದ್ದರೆ ತಪ್ಪುವ ಮೊದಲೇ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಹೆದರಿಸಿದರೆ ಹೆದರಬೇಡಿ, ದೂರು ಕೊಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಆಸ್ಪತ್ರೆಗೆ ಸೇರಿಸುವಾಗಲೇ ಸಂಘಕ್ಕೆ ಒಂದು ಫೋನ್ ಮಾಡಿ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. 70 ತುಂಬಿದ ಹಿರಿಯರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಕಾರ್ಡ್ ಇದೆ. ಸಾರ್ವಜನಿಕ ಟ್ರಸ್ಟುಗಳ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ಬಡವರಿಗೆ ಉಚಿತವಾಗಿ, ಇನ್ನೂ ಶೇ. 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ಯಾವುದು ಯಾರಿಗೆ ಅನ್ವಯಿಸುತ್ತದೆ, ಯಾವ ಕಾಗದ ಬೇಕು ಎಂದು ನೋಡಿ ಹೇಳುವ ಸ್ವಯಂಸೇವಕರು ನಮ್ಮಲ್ಲಿದ್ದಾರೆ. ಡೊಂಬಿವಲಿಯ ಆ ಕುಟುಂಬ ನಾಲ್ಕು ತಿಂಗಳ ಮೇಲೆ ಬಂತು. ಸಂಕೋಚ, ಇನ್ನೇನು?

ದಾನಿಗಳಿಗೆ ಕೊನೆಯದಾಗಿ ಒಂದು ಲೆಕ್ಕ ಒಪ್ಪಿಸುತ್ತೇನೆ. ಆ ಮನೆಗೆ ನೀವು ಒಂದು ವರ್ಷದಲ್ಲಿ ಕೊಟ್ಟದ್ದು 30,000 ರೂಪಾಯಿ. ಕಾರ್ಡಿನ ಸಾಲ ಹಾಗೇ ಉಳಿದಿದ್ದರೆ ಅದೇ ಒಂದು ವರ್ಷದಲ್ಲಿ ಬಡ್ಡಿ, ತೆರಿಗೆ ಎಂದು ಹೋಗುತ್ತಿದ್ದುದು 29,736. ಹತ್ತಿರ ಹತ್ತಿರ ಅಷ್ಟೇ ಹಣ. ಅಲ್ಲಿ ಹೋಗಿದ್ದರೆ ಒಂದು ಪೈಸೆ ಅಸಲೂ ತೀರುತ್ತಿರಲಿಲ್ಲ. ಇಲ್ಲಿ ಬಂದದ್ದರಿಂದ ಒಬ್ಬರು ದಿನವೂ ಮಾತ್ರೆ ತೆಗೆದುಕೊಂಡರು.

ಈಗ ನಮ್ಮ ಮುಂದೆ ಇಂಥ ಇನ್ನೂ ಕೆಲವು ಮನೆಗಳ ಅರ್ಜಿಗಳಿವೆ. ದೊಡ್ಡ ಮೊತ್ತವೇ ಆಗಬೇಕೆಂದಿಲ್ಲ. ತಿಂಗಳಿಗೆ 500 ರೂಪಾಯಿ ಕೊಡುವ ಐದು ಜನ ಸೇರಿದರೆ ಒಂದು ಮನೆಯ ಔಷಧಿ ಸಾಗುತ್ತದೆ. ಒಮ್ಮೆ ಕೊಡುವ ದೊಡ್ಡ ದೇಣಿಗೆಯಷ್ಟೇ, ತಪ್ಪದೆ ಬರುವ ಈ ಸಣ್ಣ ಮೊತ್ತವೂ ನಮಗೆ ಬೇಕು. ಏಕೆಂದರೆ ಮಾತ್ರೆಯೂ ಕಂತೂ ತಿಂಗಳು ತಿಂಗಳು ಬರುತ್ತವೆ.

ಬಳೆಯ ಸಾಲದಲ್ಲಿ ಉಳಿದಿದ್ದ 10,000 ಕಳೆದ ತಿಂಗಳು ತೀರಿತು. ಆ ತಂಗಿ ಭಾನುವಾರ ಕಚೇರಿಗೆ ಬಂದು, ಏನೂ ಹೇಳದೆ, ಕೈ ಮುಂದೆ ಚಾಚಿ ತೋರಿಸಿ ಹೋದರು.